ಫ್ರೆಡ್ಡಿ ಹಬ್ಬರ್ಡ್ ಎಪ್ಪತ್ತರ ದಶಕದಲ್ಲಿ ದಾರಿ ತಪ್ಪಿದರಾ, ಇಲ್ಲ ನಾವೇ ಸರಿಯಾಗಿ ಕೇಳಿಲ್ವಾ?

ನಡುರಾತ್ರಿ ಕೇಳುಗ:
ಮೂರು ವಾರದಿಂದ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಫ್ರೆಡ್ಡಿ ಹಬ್ಬರ್ಡ್ ಬಿಟ್ಟು ಬೇರೆ ಏನನ್ನೂ ಕೇಳಿಲ್ಲ. 1960ರ ‘ಓಪನ್ ಸೆಸಮೀ’ಯಿಂದ ಶುರು ಮಾಡಿ ವರ್ಷ ವರ್ಷವಾಗಿ ಮುಂದೆ ಬಂದೆ. ‘ರೆಡಿ ಫಾರ್ ಫ್ರೆಡ್ಡಿ’, ‘ಹಬ್-ಟೋನ್ಸ್’, ‘ಬ್ರೇಕಿಂಗ್ ಪಾಯಿಂಟ್’, ‘ಬ್ಯಾಕ್‌ಲ್ಯಾಶ್’, ‘ರೆಡ್ ಕ್ಲೇ’. ಒಂದಕ್ಕಿಂತ ಒಂದು ಚೆನ್ನ. ಮೊದಲ ಆಲ್ಬಂ ಮಾಡಿದಾಗ ಅವರಿಗೆ 22 ವರ್ಷ. ಆ ವಯಸ್ಸಿಗೇ ಅಷ್ಟು ತುಂಬಿದ ನಾದ ಹೇಗೆ ಬಂತು ಅನ್ನುವುದೇ ನನಗೆ ಅರ್ಥವಾಗಿಲ್ಲ.

ಆಮೇಲೆ 1975ರ ‘ಲಿಕ್ವಿಡ್ ಲವ್’ ಹಾಕಿದೆ. ಎರಡು ಟ್ರ್ಯಾಕ್ ಆಗುವಷ್ಟರಲ್ಲಿ ಬೇಜಾರಾಗಿ ನಿಲ್ಲಿಸಿದೆ. ಮರುದಿನ 1976ರ ‘ವಿಂಡ್‌ಜ್ಯಾಮರ್’. ಅದೂ ಅಷ್ಟೇ. ಹಿಂದೆ ತಂತಿ ವಾದ್ಯ, ಕೋರಸ್, ಕೀಬೋರ್ಡ್ ಎಲ್ಲ ತುಂಬಿಕೊಂಡು ಮಧ್ಯದಲ್ಲಿ ಟ್ರಂಪೆಟ್ ಅತಿಥಿ ಥರ ಬಂದು ಹೋಗುತ್ತದೆ. ಇದೇ ಮನುಷ್ಯನಾ ‘ರೆಡ್ ಕ್ಲೇ’ ನುಡಿಸಿದ್ದು?

ನಿಜವಾಗಿ ಏನಾಯಿತು? ದುಡ್ಡಿಗಾಗಿ ಹೋದರಾ? ಕಂಪನಿ ಒತ್ತಡವಾ? ಇಲ್ಲ ಅವರೊಳಗಿನ ಸರಕೇ ಮುಗಿದಿತ್ತಾ? 1992ರಲ್ಲಿ ತುಟಿ ಹಾಳಾಯಿತು ಅಂತ ಓದಿದ್ದೇನೆ, ಆದರೆ ಅದು ಇಷ್ಟೆಲ್ಲ ಆದ ಮೇಲಿನ ಕತೆ. ತಿಳಿದವರು ಹೇಳಿ.

ಸೂಜಿಮುಳ್ಳು:
ಸ್ವಲ್ಪ ನಿಧಾನ ಮಾಡಿ ಸರ್. ಎಪ್ಪತ್ತರ ದಶಕ ಅಂದರೆ ಬರೀ 75, 76 ಅಲ್ಲ. ಆ ದಶಕದ ಮೊದಲ ಅರ್ಧ ಅವರ ಬದುಕಿನಲ್ಲೇ ಅತಿ ದೊಡ್ಡ ಯಶಸ್ಸಿನ ಕಾಲ. ಕ್ರೀಡ್ ಟೇಲರ್ ಅವರ ಸಿಟಿಐ ಕಂಪನಿಗೆ ‘ರೆಡ್ ಕ್ಲೇ’, ‘ಸ್ಟ್ರೇಟ್ ಲೈಫ್’, ‘ಫಸ್ಟ್ ಲೈಟ್’, ‘ಸ್ಕೈ ಡೈವ್’ ಮಾಡಿದ್ದು ಆಗಲೇ. ‘ಫಸ್ಟ್ ಲೈಟ್’ಗೆ ಗ್ರ್ಯಾಮಿ ಬಂತು. ಅದರಲ್ಲೂ ತಂತಿ ವಾದ್ಯ ಇದೆ, ಪಾಪ್ ಹಾಡಿನ ಧಾಟಿ ಇದೆ. ಅಂದರೆ ತಂತಿ ವಾದ್ಯದ ಮೇಲೆ ತಪ್ಪು ಹೊರಿಸಬೇಡಿ.

ಕೊಲಂಬಿಯಾ ರೆಕಾರ್ಡ್ ಕಂಪನಿಗೆ ಹೋದ ಮೇಲಿನ ಮೊದಲ ಆಲ್ಬಂ, 1974ರ ‘ಹೈ ಎನರ್ಜಿ’, ನನ್ನ ಪ್ರಕಾರ ಚೆನ್ನಾಗಿಯೇ ಇದೆ. ಇಳಿಜಾರು ಅದರ ನಂತರ. ಅದನ್ನು ನಾನೂ ಒಪ್ಪುತ್ತೇನೆ.

ತಾಳದವ:
ಇಳಿಜಾರು ಅನ್ನುವವರು 1977ರ ವಿ.ಎಸ್.ಒ.ಪಿ. ಕೇಳಿಲ್ಲ ಅಂತ ಅರ್ಥ. ಅಷ್ಟೇ.

ನಡುರಾತ್ರಿ ಕೇಳುಗ:
ನಿಜ, ಕೇಳಿಲ್ಲ. ಅದೇನು ಹೇಳಿ.

ತಾಳದವ:
ಅದೊಂದು ತಂಡ. ಹರ್ಬಿ ಹ್ಯಾನ್‌ಕಾಕ್, ವೇಯ್ನ್ ಶಾರ್ಟರ್, ರಾನ್ ಕಾರ್ಟರ್, ಟೋನಿ ವಿಲಿಯಮ್ಸ್. ಅಂದರೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಅರವತ್ತರ ದಶಕದ ತಂಡ, ಮೈಲ್ಸ್ ಒಬ್ಬರನ್ನು ಬಿಟ್ಟು. ಮೈಲ್ಸ್ ಜಾಗದಲ್ಲಿ ನಿಂತವರು ಫ್ರೆಡ್ಡಿ. 1976ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಕಛೇರಿಗೆ ಅಂತ ಸೇರಿದರು, ಜನ ಬಿಡಲಿಲ್ಲ, ಮುಂದಿನ ವರ್ಷ ಊರೂರು ಸುತ್ತಿದರು. ‘ವಿಂಡ್‌ಜ್ಯಾಮರ್’ ಬಂದ ವರ್ಷವೇ ಆ ಕಛೇರಿ ಆದದ್ದು, ಗಮನಿಸಿ. ಸ್ಟುಡಿಯೋದಲ್ಲಿ ಒಂದು ಫ್ರೆಡ್ಡಿ, ವೇದಿಕೆಯಲ್ಲಿ ಇನ್ನೊಂದು ಫ್ರೆಡ್ಡಿ. ಟೋನಿ ವಿಲಿಯಮ್ಸ್ ಹಿಂದಿನಿಂದ ಅಷ್ಟು ಬಿರುಸಾಗಿ ಬಾರಿಸುತ್ತಿದ್ದರೆ ಮುಂದೆ ನಿಂತು ತಡೆದುಕೊಳ್ಳುವ ಟ್ರಂಪೆಟ್ ಆ ಹೊತ್ತಿಗೆ ಇನ್ಯಾರದ್ದಿತ್ತು?

1979ರಲ್ಲಿ ಟೋಕಿಯೋದ ಬಯಲು ಕ್ರೀಡಾಂಗಣದಲ್ಲಿ ಸುರಿವ ಮಳೆಯಲ್ಲಿ ನುಡಿಸಿದ್ದು ರೆಕಾರ್ಡ್ ಆಗಿದೆ. ಅದನ್ನು ಕೇಳಿ ಬಂದು ಆಮೇಲೆ ಸರಕು ಮುಗಿದಿತ್ತಾ ಅಂತ ಕೇಳಿ.

ಹೊಸ ಕಿವಿ:
ನಾನು ಈ ಲೋಕಕ್ಕೆ ಹೊಸಬಳು. ನನಗೆ ಗೊತ್ತಿರುವುದು ಹರ್ಬಿ ಹ್ಯಾನ್‌ಕಾಕ್ ಅವರ ‘ಕ್ಯಾಂಟಲೂಪ್ ಐಲೆಂಡ್’ ಮಾತ್ರ. ಅದರಲ್ಲಿ ಟ್ರಂಪೆಟ್ ನುಡಿಸಿರುವುದು ಇವರೇ ಅಲ್ವಾ?

ಹಿತ್ತಾಳೆ ಕೊಳವೆ:
ಇವರೇ. ಆದರೆ ಅದು ಟ್ರಂಪೆಟ್ ಅಲ್ಲ, ಕಾರ್ನೆಟ್. 1964ರ ‘ಎಂಪಿರಿಯನ್ ಐಲ್ಸ್’ ಆಲ್ಬಮ್ಮಿನಲ್ಲಿ ಅವರು ಕಾರ್ನೆಟ್ ನುಡಿಸಿದ್ದಾರೆ. ಟ್ರಂಪೆಟ್ಟಿನ ಕೊಳವೆ ಬಹುಪಾಲು ಒಂದೇ ಅಗಲ, ಕೊನೆಗೆ ಅರಳುತ್ತದೆ. ಕಾರ್ನೆಟ್ಟಿನದು ಮೊದಲಿಂದಲೇ ನಿಧಾನವಾಗಿ ಅಗಲವಾಗುತ್ತಾ ಹೋಗುತ್ತದೆ. ಅದಕ್ಕೇ ನಾದ ಸ್ವಲ್ಪ ದುಂಡಗೆ, ಮೆತ್ತಗೆ ಇರುತ್ತದೆ. ಅದೇ ಜಾತಿಯ ಫ್ಲೂಗಲ್‌ಹಾರ್ನ್ ಅನ್ನುವ ವಾದ್ಯ ಇನ್ನೂ ಮೆತ್ತಗೆ. ಫ್ರೆಡ್ಡಿ ನಿಧಾನದ ಹಾಡುಗಳಿಗೆ ಆಮೇಲಾಮೇಲೆ ಫ್ಲೂಗಲ್‌ಹಾರ್ನನ್ನೇ ಜಾಸ್ತಿ ಹಿಡಿದರು.

ಹೊಸ ಕಿವಿ:
ಅಯ್ಯೋ, ಇಷ್ಟು ದಿನ ಟ್ರಂಪೆಟ್ ಅಂತಲೇ ತಿಳಿದಿದ್ದೆ. ಥ್ಯಾಂಕ್ಸ್.

ಮೂರನೇ ಸಾಲು:
ನನಗೆ ಅನ್ನಿಸುವುದು ಬೇರೆ. ಫ್ರೆಡ್ಡಿ ಮೊದಲಿಂದಲೂ ಬೇರೆಯವರ ರೆಕಾರ್ಡಿನಲ್ಲೇ ಹೆಚ್ಚು ಮಿಂಚಿದವರು. ಸ್ವಂತ ದಾರಿ ಅಂತ ಇರಲಿಲ್ಲ. ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ತೀರಿಕೊಂಡ ಮೇಲೆ ಡ್ರಮ್ಮರ್ ಆರ್ಟ್ ಬ್ಲೇಕಿ ತಂಡಕ್ಕೆ ಆ ಜಾಗಕ್ಕೇ ಬಂದರು, ಕೊನೆವರೆಗೂ ಅದೇ ಶೈಲಿ ಮುಂದುವರಿಸಿದರು.

ಕಪ್ಪುಬಿಳುಪು ಮಣೆ:
ಎರಡು ತಪ್ಪು. ಬ್ಲೇಕಿ ತಂಡದಲ್ಲಿ ಅವರು ಬಂದದ್ದು ಲೀ ಮಾರ್ಗನ್ ಜಾಗಕ್ಕೆ, 1961ರಲ್ಲಿ. ಕ್ಲಿಫರ್ಡ್ ಬ್ರೌನ್ ಅದಕ್ಕೆ ಐದು ವರ್ಷ ಮೊದಲೇ, 1956ರ ಜೂನಿನಲ್ಲಿ, ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಹೋಗಿದ್ದರು. ಆಗ ಬ್ರೌನ್ ಇದ್ದದ್ದು ಇನ್ನೊಬ್ಬ ಡ್ರಮ್ಮರ್ ಮ್ಯಾಕ್ಸ್ ರೋಚ್ ಜೊತೆ. ವಯಸ್ಸು ಬರೀ 25.

ಎರಡನೆಯದು, ಶೈಲಿ. ಬ್ರೌನ್ ಪ್ರಭಾವ ಇತ್ತು, ಇಲ್ಲ ಅನ್ನುವುದಿಲ್ಲ. ಆ ಕಾಲದಲ್ಲಿ ಯಾವ ಟ್ರಂಪೆಟ್ ಹುಡುಗನ ಮೇಲೆ ಇರಲಿಲ್ಲ ಹೇಳಿ. ಆದರೆ ಫ್ರೆಡ್ಡಿ ಸ್ಯಾಕ್ಸೋಫೋನಿನವರ ಹಾಗೆ ಯೋಚಿಸುತ್ತಿದ್ದರು. ಟ್ರಂಪೆಟ್ಟಿನಲ್ಲಿ ಪಕ್ಕಪಕ್ಕದ ಸ್ವರ ಹಿಡಿದು ಓಡುವುದು ಸುಲಭ, ದೂರದ ಸ್ವರಕ್ಕೆ ಹಾರುವುದು ಕಷ್ಟ. ಯಾಕೆಂದರೆ ಕೀಲಿ ಇರುವುದು ಮೂರೇ. ಉಳಿದದ್ದೆಲ್ಲ ತುಟಿ ಮತ್ತು ಉಸಿರಿನ ಕೆಲಸ. ಅವರು ಹಾರಿ ಹಾರಿ ನುಡಿಸಿದರು. ಅದು ಕೋಲ್ಟ್ರೇನ್, ರಾಲಿನ್ಸ್ ಇವರ ಸಹವಾಸದ ಫಲ. 1958ರಲ್ಲಿ ಇಂಡಿಯಾನಾಪೊಲಿಸ್ ಬಿಟ್ಟು ನ್ಯೂಯಾರ್ಕಿಗೆ ಬಂದಾಗ ಸ್ಯಾಕ್ಸೋಫೋನಿನ ಎರಿಕ್ ಡಾಲ್ಫಿ ಜೊತೆ ಒಂದೇ ಮನೆಯಲ್ಲಿ ಇದ್ದವರು ಅವರು.

ಇನ್ನೊಂದು ಮಾತು. ಡಿಸೆಂಬರ್ 21, 1960ರಂದು ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ರೆಕಾರ್ಡಿಂಗ್. ಎರಡು ತಂಡ ಒಟ್ಟಿಗೆ, ಒಂದು ಎಡ ಸ್ಪೀಕರಿನಲ್ಲಿ ಒಂದು ಬಲದಲ್ಲಿ, ಹತ್ತಿರ ಹತ್ತಿರ 37 ನಿಮಿಷ ನಿಲ್ಲಿಸದೆ. ಅದರಲ್ಲಿ ಫ್ರೆಡ್ಡಿ ಇದ್ದಾರೆ. ಎರಡು ತಿಂಗಳ ನಂತರ, 1961ರ ಫೆಬ್ರವರಿಯಲ್ಲಿ, ಆಲಿವರ್ ನೆಲ್ಸನ್ ಅವರ ‘ಬ್ಲೂಸ್ ಅಂಡ್ ದಿ ಆಬ್‌ಸ್ಟ್ರ್ಯಾಕ್ಟ್ ಟ್ರೂತ್’. ಅದು ಅಚ್ಚುಕಟ್ಟಾಗಿ ಬರೆದ ಸಂಗೀತ. ಅದರಲ್ಲೂ ಫ್ರೆಡ್ಡಿ. ಇವೆರಡನ್ನೂ ಒಬ್ಬನೇ 22ರ ಹುಡುಗ ನುಡಿಸಿದ ಅಂದಮೇಲೆ ಸ್ವಂತ ದಾರಿ ಇರಲಿಲ್ಲ ಅನ್ನುವುದು ಹೇಗೆ?

ಮೂರನೇ ಸಾಲು:
ಬ್ಲೇಕಿ ವಿಷಯ ನನ್ನ ತಪ್ಪು, ಒಪ್ಪಿದೆ. ಆದರೆ ನೀವು ಕೊಟ್ಟ ಉದಾಹರಣೆಯೇ ನನ್ನ ಮಾತಿಗೆ ಸಾಕ್ಷಿ ಅಲ್ವಾ? ಕೋಲ್ಮನ್ ಕರೆದರೆ ಕೋಲ್ಮನ್ ಥರ, ನೆಲ್ಸನ್ ಕರೆದರೆ ನೆಲ್ಸನ್ ಥರ. ಎಲ್ಲ ಕಡೆ ಸಲ್ಲುವವನಿಗೆ ನನ್ನದು ಅನ್ನುವ ಮನೆ ಯಾವುದು? ‘ಔಟ್ ಟು ಲಂಚ್’, ‘ಮೇಡನ್ ವಾಯೇಜ್’, ‘ಸ್ಪೀಕ್ ನೋ ಈವಿಲ್’, ‘ಅಸೆನ್ಷನ್’. ಎಲ್ಲವೂ ಶ್ರೇಷ್ಠ, ಎಲ್ಲದರಲ್ಲೂ ಇವರಿದ್ದಾರೆ, ಒಂದೂ ಇವರ ಹೆಸರಿನದಲ್ಲ. ಮೈಲ್ಸ್ ಅಂದರೆ ಒಂದು ಯೋಚನೆ. ಫ್ರೆಡ್ಡಿ ಅಂದರೆ ಒಂದು ಕೈಚಳಕ. ಕೈಚಳಕ ಇರುವವರನ್ನು ಕಂಪನಿ ಎತ್ತ ಬೇಕಾದರೂ ತಿರುಗಿಸಬಹುದು. ಎಪ್ಪತ್ತರ ದಶಕದಲ್ಲಿ ಆದದ್ದು ಅದೇ.

ಸೂಜಿಮುಳ್ಳು:
ಈ ಮಾತು ನನಗೆ ನೋವು ಕೊಟ್ಟಿತು. ‘ರೆಡ್ ಕ್ಲೇ’ ಅವರದೇ ರಚನೆ. ‘ಲಿಟ್ಲ್ ಸನ್‌ಫ್ಲವರ್’ ಅವರದೇ. ‘ಅಪ್ ಜಂಪ್ಡ್ ಸ್ಪ್ರಿಂಗ್’ ಅವರದೇ. ಈ ಮೂರನ್ನೂ ಇವತ್ತಿಗೂ ಜಾಝ್ ಕಲಿಯುವವರು ನುಡಿಸುತ್ತಾರೆ. 1971ರಲ್ಲಿ ಇಲ್ಹಾನ್ ಮಿಮಾರೋಗ್ಲು ಅನ್ನುವ ಎಲೆಕ್ಟ್ರಾನಿಕ್ ಸಂಗೀತದವರ ಜೊತೆ ವಿಯೆಟ್ನಾಂ ಯುದ್ಧದ ವಿರುದ್ಧ ಇಡೀ ಒಂದು ಆಲ್ಬಂ ಮಾಡಿದ್ದಾರೆ. ‘ಫಸ್ಟ್ ಲೈಟ್’ ಬಂದ ವರ್ಷವೇ! ಮಾರುಕಟ್ಟೆ ನೋಡಿಕೊಂಡು ಬದುಕುವವರು ಅಂಥದ್ದಕ್ಕೆ ಕೈ ಹಾಕುತ್ತಾರಾ?

ತಾಳದವ:
+1

ಮಂಜುಹನಿ:
ಯಾರೂ ಇನ್ನೂ ‘ಝಾಂಝಿಬಾರ್’ ಹೆಸರು ಎತ್ತಿಲ್ಲ! ಪಾಪ್ ಗಾಯಕ ಬಿಲ್ಲಿ ಜೋಯಲ್ ಅವರ 1978ರ ‘52ನೇ ಸ್ಟ್ರೀಟ್’ ಆಲ್ಬಮ್ಮಿನಲ್ಲಿ ಇರುವ ಹಾಡು. ಹಾಡಿನ ಮಧ್ಯೆ ಇದ್ದಕ್ಕಿದ್ದಂತೆ ಲಯ ಬದಲಾಗಿ ಟ್ರಂಪೆಟ್ ನುಗ್ಗುತ್ತದಲ್ಲ, ಅದು ಫ್ರೆಡ್ಡಿ. ನಾನು ಚಿಕ್ಕವನಿದ್ದಾಗ ಆ ಭಾಗಕ್ಕೋಸ್ಕರ ಮಾತ್ರ ಹಾಡನ್ನು ಮತ್ತೆ ಮತ್ತೆ ಹಾಕುತ್ತಿದ್ದೆ. ಯಾರು ನುಡಿಸಿದ್ದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಂದಹಾಗೆ ಆ ಆಲ್ಬಮ್ಮೇ 1982ರಲ್ಲಿ ಜಪಾನಿನಲ್ಲಿ ಮೊಟ್ಟಮೊದಲು ಮಾರಾಟಕ್ಕೆ ಬಂದ ಸಿಡಿ.

ಸೂಜಿಮುಳ್ಳು:
ಸಿಡಿ ವಿಷಯ ಎತ್ತಬೇಡಿ ದಯವಿಟ್ಟು. ‘ರೆಡ್ ಕ್ಲೇ’ಯನ್ನು ಒಮ್ಮೆ ಒಳ್ಳೆ ಎಲ್‌ಪಿಯಲ್ಲಿ ಕೇಳಿದರೆ ಲೆನ್ನಿ ವೈಟ್ ಸಿಂಬಲ್ ಮೇಲೆ ಕೋಲು ಬೀಳುವುದು ಬೇರೆಯೇ ಕೇಳಿಸುತ್ತದೆ.

ತಾಳದವ:
ಅದು ನಿಮ್ಮ ಸ್ಪೀಕರ್ ಚೆನ್ನಾಗಿರುವುದರಿಂದ. ಎಲ್‌ಪಿಯ ಮಹಿಮೆ ಅಲ್ಲ.

ಸೂಜಿಮುಳ್ಳು:
ಇದಕ್ಕೆ ಬೇರೆ ಚರ್ಚೆ ತೆರೆಯೋಣ. ಬಿಡುವುದಿಲ್ಲ ನಿಮ್ಮನ್ನು.

ನಡುರಾತ್ರಿ ಕೇಳುಗ:
ದಯವಿಟ್ಟು ಟ್ರಂಪೆಟ್ಟಿಗೆ ವಾಪಸ್ ಬನ್ನಿ :) ತುಟಿಯ ವಿಷಯ ಯಾರಾದರೂ ಬಿಡಿಸಿ ಹೇಳುತ್ತೀರಾ? ತುಟಿ ಒಡೆದರೆ ವಾಸಿಯಾಗಲ್ವಾ? ಅಷ್ಟಕ್ಕೇ ಇಷ್ಟು ದೊಡ್ಡ ಬದುಕು ನಿಂತು ಹೋಗುತ್ತಾ?

ಹಿತ್ತಾಳೆ ಕೊಳವೆ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ. ಹದಿನಾಲ್ಕು ವರ್ಷದಿಂದ ಟ್ರಂಪೆಟ್ ನುಡಿಸುತ್ತಿದ್ದೇನೆ.

ಟ್ರಂಪೆಟ್ಟಿನಲ್ಲಿ ಸದ್ದು ಹುಟ್ಟುವುದು ಲೋಹದಲ್ಲಲ್ಲ, ತುಟಿಯಲ್ಲಿ. ಸ್ಯಾಕ್ಸೋಫೋನಿಗೆ ರೀಡ್ ಅನ್ನುವ ಕಂಪಿಸುವ ಸಣ್ಣ ಪಟ್ಟಿ ಇದೆ, ಹಾಳಾದರೆ ಹೊಸದು ಹಾಕಬಹುದು. ನಮಗೆ ರೀಡ್ ಅಂದರೆ ನಮ್ಮ ತುಟಿಯೇ. ಮೌತ್‌ಪೀಸಿನ ಒಳ ಅಗಲ 16, 17 ಮಿಲಿಮೀಟರ್ ಅಷ್ಟೇ. ಆ ಸಣ್ಣ ಬಳೆಯೊಳಗೆ ಸಿಕ್ಕ ತುಟಿಯ ತುಂಡು ಕಂಪಿಸಬೇಕು. ನಾವು ಹೈ ಸಿ ಅನ್ನುವ ಸ್ವರಕ್ಕೆ ಸೆಕೆಂಡಿಗೆ ಸುಮಾರು 930 ಸಲ. ಅದಕ್ಕಿಂತ ಮೇಲೆ ಹೋದರೆ ಇನ್ನೂ ಜಾಸ್ತಿ. ಸುಸ್ತಾದಾಗ ಏನಾಗುತ್ತದೆ ಅಂದರೆ, ತುಟಿಯ ಸ್ನಾಯು ಮಾಡಬೇಕಾದ ಕೆಲಸವನ್ನು ಕೈ ಮಾಡಲು ಹೋಗುತ್ತದೆ. ವಾದ್ಯವನ್ನು ಬಾಯಿಗೆ ಒತ್ತುತ್ತೇವೆ. ಆ ಕ್ಷಣಕ್ಕೆ ಸ್ವರ ಬರುತ್ತದೆ. ಆದರೆ ಲೋಹದ ಅಂಚಿಗೂ ಹಲ್ಲಿಗೂ ಮಧ್ಯೆ ಸಿಕ್ಕ ತುಟಿಗೆ ರಕ್ತ ಓಡುವುದಿಲ್ಲ. ಮರಗಟ್ಟುತ್ತದೆ. ಮರಗಟ್ಟಿದ ಮೇಲೆ ನೋವು ತಿಳಿಯುವುದಿಲ್ಲ, ಇನ್ನೂ ಒತ್ತುತ್ತೇವೆ.

ನನಗೂ ಆಗಿದೆ. ಒಂದು ವರ್ಷ ಮದುವೆ ಸೀಸನ್ನಿನಲ್ಲಿ ದಿನಾ ಐದಾರು ಗಂಟೆ ನುಡಿಸಿದೆ, ವಾರ್ಮ್ ಅಪ್ ಮಾಡಲು ಪುರುಸೊತ್ತಿರಲಿಲ್ಲ. ಒಂದು ರಾತ್ರಿ ಮೇಲ್ದುಟಿಯ ಒಳಗೆ ಏನೋ ಹರಿದ ಹಾಗಾಯಿತು. ರಕ್ತ ಬಂದದ್ದು ಸ್ವಲ್ಪವೇ. ಆದರೆ ಏಳು ತಿಂಗಳು ಮಧ್ಯದ ಸ್ವರಗಳೇ ನಿಲ್ಲಲಿಲ್ಲ. ಊದಿದರೆ ಬರೀ ಗಾಳಿ. ಆ ಏಳು ತಿಂಗಳಲ್ಲಿ ಎಷ್ಟೋ ಸಲ ಪೆಟ್ಟಿಗೆ ತೆರೆದು ವಾದ್ಯ ನೋಡಿ ಹಾಗೇ ಮುಚ್ಚಿಟ್ಟಿದ್ದೇನೆ. ನನ್ನಂಥವನಿಗೇ ಹಾಗಾದರೆ ಫ್ರೆಡ್ಡಿಗೆ ಹೇಗಾಗಿರಬೇಕು.

ಅವರು ಬೇರೆಯವರ ಹಾಗೆ ಉಳಿಸಿಕೊಂಡು ನುಡಿಸಿದವರಲ್ಲ. ಮೊದಲ ಹಾಡಿಗೇ ಎಲ್ಲ ಕೊಟ್ಟುಬಿಡುವವರು. ಮೂವತ್ತು ವರ್ಷ ಹಾಗೆ. 1992ರಲ್ಲಿ ಮೇಲ್ದುಟಿ ಹರಿಯಿತು, ಆಮೇಲೆ ಸೋಂಕು. ತುಟಿ ಹದ ಮಾಡಿಕೊಳ್ಳದೆ, ಮೈ ನೋಡಿಕೊಳ್ಳದೆ ನುಡಿಸಿದ್ದಕ್ಕೆ ಹೀಗಾಯಿತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಆಗ ವಯಸ್ಸು 54.

ಹಲ್ಲಿನ ಡಾಕ್ಟರ್:
ಮೇಲೆ ಹೇಳಿದ್ದು ಸರಿ. ಬಾಯಿಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಹೊರಗಿನ ಚರ್ಮ ಸೀಳಿದರೆ ಹತ್ತು ದಿನದಲ್ಲಿ ಕೂಡಿಕೊಳ್ಳುತ್ತದೆ, ಆ ಸ್ನಾಯು ಹರಿದರೆ ಗಾಯ ಮಾಯ್ದ ಮೇಲೂ ಮೊದಲಿನ ಬಿಗಿ ಬರುವುದು ಕಷ್ಟ. ಇದಕ್ಕೆ ವೈದ್ಯರು ಸ್ಯಾಚ್ಮೋ ಸಿಂಡ್ರೋಮ್ ಅಂತಲೇ ಹೆಸರಿಟ್ಟಿದ್ದಾರೆ. ಸ್ಯಾಚ್ಮೋ ಅಂದರೆ ಲೂಯಿ ಆರ್ಮ್‌ಸ್ಟ್ರಾಂಗ್. ಅವರೂ ಮೂವತ್ತರ ದಶಕದಲ್ಲಿ ಇದೇ ತುಟಿಯ ತೊಂದರೆಯಿಂದ ಕೆಲವು ತಿಂಗಳು ನುಡಿಸುವುದನ್ನೇ ಬಿಟ್ಟಿದ್ದರು.

ಹಲ್ಲು ಹೋದರೂ ಇದೇ ಗತಿ. 1966ರಲ್ಲಿ ಟ್ರಂಪೆಟ್ ವಾದಕ ಚೆಟ್ ಬೇಕರ್ ಅವರಿಗೆ ಯಾರೋ ಹೊಡೆದು ಹಲ್ಲಿಗೆ ಪೆಟ್ಟಾಯಿತು, ಕೊನೆಗೆ ಕೃತಕ ಹಲ್ಲು ಕಟ್ಟಿಸಿಕೊಂಡು ಮೊದಲಿಂದ ಕಲಿತು ಎಪ್ಪತ್ತರ ದಶಕದಲ್ಲಿ ವಾಪಸ್ ಬಂದರು.

ಮೂರನೇ ಸಾಲು:
ಚೆಟ್ ಬೇಕರ್ ವಾಪಸ್ ಬಂದರು, ಆರ್ಮ್‌ಸ್ಟ್ರಾಂಗ್ ಬಂದರು. ಫ್ರೆಡ್ಡಿ ಯಾಕೆ ಬರಲಿಲ್ಲ?

ಹಿತ್ತಾಳೆ ಕೊಳವೆ:
ಚೆಟ್ ಬೇಕರ್ ನುಡಿಸುತ್ತಿದ್ದದ್ದು ಮೆತ್ತಗೆ, ಪಿಸುಮಾತಿನ ಹಾಗೆ, ಬಹುಪಾಲು ಮಧ್ಯದ ಸ್ವರಗಳಲ್ಲಿ. ಅದಕ್ಕೆ ಬೇಕಾದ ಬಲವೇ ಬೇರೆ. ಆರ್ಮ್‌ಸ್ಟ್ರಾಂಗ್ ಹಾಡುತ್ತಿದ್ದರು, ಹಾಡುವಾಗ ತುಟಿಗೆ ವಿರಾಮ. ಸ್ವರಗಳನ್ನು ಕಡಿಮೆ ಮಾಡಿಕೊಂಡು ಒಂದೊಂದಕ್ಕೂ ತೂಕ ಕೊಟ್ಟರು. ಫ್ರೆಡ್ಡಿಯ ಸಂಗೀತದಿಂದ ವೇಗ, ಎತ್ತರ, ಬಲ ತೆಗೆದರೆ ಅವರು ಹೊಸದಾಗಿ ಬೇರೆ ಸಂಗೀತವನ್ನೇ ಕಟ್ಟಬೇಕಿತ್ತು. 54ನೇ ವಯಸ್ಸಿನಲ್ಲಿ.

ಕಪ್ಪುಬಿಳುಪು ಮಣೆ:
ಮೈಲ್ಸ್ ಬಗ್ಗೆಯೂ ಒಂದು ಮಾತು. 1975ರಿಂದ ಐದು ವರ್ಷದ ಹತ್ತಿರ ಮೈಲ್ಸ್ ವಾದ್ಯವನ್ನೇ ಬದಿಗಿಟ್ಟಿದ್ದರು. ಕಾರಣಗಳು ಬೇರೆ, ಕಾಯಿಲೆ, ಚಟ ಎಲ್ಲ ಸೇರಿತ್ತು. ಆದರೂ ತುಟಿಗೆ ವಿರಾಮ ಸಿಕ್ಕಿತು. ಫ್ರೆಡ್ಡಿ ಆ ವರ್ಷಗಳಲ್ಲಿ ಒಂದು ಕಡೆ ಕೊಲಂಬಿಯಾಕ್ಕೆ ವರ್ಷಕ್ಕೊಂದು ಆಲ್ಬಂ, ಇನ್ನೊಂದು ಕಡೆ ವಿ.ಎಸ್.ಒ.ಪಿ., ಮತ್ತೊಂದು ಕಡೆ ಬಿಲ್ಲಿ ಜೋಯಲ್ ಥರದ ರೆಕಾರ್ಡಿಂಗು. ಎಂಬತ್ತರ ದಶಕದಲ್ಲೂ ಹಾಗೇ. ಇನ್ನೊಬ್ಬ ಟ್ರಂಪೆಟ್ ವಾದಕ ವುಡಿ ಶಾ ಜೊತೆ ಎರಡು ಆಲ್ಬಂ ಮಾಡಿದರಲ್ಲ, 1985ರಲ್ಲಿ ಮತ್ತು 87ರಲ್ಲಿ. ಕೇಳಿ ನೋಡಿ, ಇಬ್ಬರೂ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ.

ಮೇಲೆ ನಡುರಾತ್ರಿಯವರು ಸರಕು ಮುಗಿಯಿತಾ ಅಂತ ಕೇಳಿದರು. ನನಗೆ ಕಾಣುವುದು ಉಲ್ಟಾ. ಸರಕು ಮುಗಿಯಲೇ ಇಲ್ಲ, ಅದನ್ನು ಹೊರುವ ತುಟಿ ಮುಗಿಯಿತು. ಎಪ್ಪತ್ತರ ದಶಕದ ಆಲ್ಬಂಗಳನ್ನು ಬೈಯುವಾಗ ನಾವು ಅದನ್ನು ಮರೆಯುತ್ತೇವೆ. ಅವರು ಸೋಮಾರಿಯಾದ ಕಾಲವೇ ಇರಲಿಲ್ಲ.

ಅಟ್ಟದ ಮೇಲಿನವಳು:
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಒಂದು ವಿಷಯ ಹೇಳಬೇಕು ಅನ್ನಿಸಿತು.

1938ರಲ್ಲಿ ಅಮೆರಿಕದಲ್ಲಿ ಮೂವರು ಟ್ರಂಪೆಟ್‌ನವರು ಹುಟ್ಟಿದರು. ಏಪ್ರಿಲ್ 2ಕ್ಕೆ ಮೆಂಫಿಸ್‌ನಲ್ಲಿ ಬುಕರ್ ಲಿಟ್ಲ್. ಐದು ದಿನ ಬಿಟ್ಟು ಏಪ್ರಿಲ್ 7ಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಫ್ರೆಡ್ಡಿ. ಜುಲೈ 10ಕ್ಕೆ ಫಿಲಡೆಲ್ಫಿಯಾದಲ್ಲಿ ಲೀ ಮಾರ್ಗನ್.

ಮೇಲೆ ‘ಫ್ರೀ ಜಾಝ್’ ರೆಕಾರ್ಡಿಂಗ್ ದಿನದ ಮಾತು ಬಂತಲ್ಲ. ಅದೇ ದಿನ ಎರಿಕ್ ಡಾಲ್ಫಿ ಇನ್ನೊಂದು ಸ್ಟುಡಿಯೋದಲ್ಲಿ ತಮ್ಮ ‘ಫಾರ್ ಕ್ರೈ’ ಆಲ್ಬಮ್ಮನ್ನೂ ರೆಕಾರ್ಡ್ ಮಾಡಿದರು. ಅದರಲ್ಲಿ ಟ್ರಂಪೆಟ್ ಬುಕರ್ ಲಿಟ್ಲ್. ಒಂದೇ ದಿನ ಡಾಲ್ಫಿಯ ಪಕ್ಕದಲ್ಲಿ ಒಂದು ಕಡೆ ಫ್ರೆಡ್ಡಿ, ಇನ್ನೊಂದು ಕಡೆ ಬುಕರ್. ಹತ್ತು ತಿಂಗಳು ತುಂಬುವ ಮೊದಲೇ ಬುಕರ್ ಹೋದರು, ಮೂತ್ರಪಿಂಡದ ಕಾಯಿಲೆ, 23 ವರ್ಷ. ಲೀ ಮಾರ್ಗನ್ 1972ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸ್ಲಗ್ಸ್ ಕ್ಲಬ್ಬಿನಲ್ಲಿ ಗುಂಡೇಟಿಗೆ ಬಲಿಯಾದರು, 33 ವರ್ಷ. ಉಳಿದವರು ಫ್ರೆಡ್ಡಿ ಒಬ್ಬರೇ.

ಬೇಗ ಹೋದವರ ಬಗ್ಗೆ ನಾವು ಇನ್ನೂ ಏನೇನು ಮಾಡುತ್ತಿದ್ದರೋ ಅಂತ ಕೊರಗುತ್ತೇವೆ. ಬದುಕಿ ಉಳಿದವರು ಬಾಡಿಗೆ ಕಟ್ಟಬೇಕು, ತಂಡದವರಿಗೆ ಸಂಬಳ ಕೊಡಬೇಕು, ಜಾಝ್ ಕ್ಲಬ್ಬುಗಳು ಖಾಲಿಯಾಗುತ್ತಿದ್ದ ಕಾಲದಲ್ಲಿ ರೇಡಿಯೋದಲ್ಲಿ ಬರುವ ಸಂಗೀತವನ್ನೂ ಮಾಡಬೇಕು. ಅದರಲ್ಲಿ ಎರಡು ಆಲ್ಬಂ ಸರಿ ಬರದಿದ್ದರೆ ನಾವು ದಾರಿ ತಪ್ಪಿದರು ಅನ್ನುತ್ತೇವೆ. ಲೀ ಮಾರ್ಗನ್ 1976ರವರೆಗೆ ಇದ್ದಿದ್ದರೆ ಅವರ ‘ವಿಂಡ್‌ಜ್ಯಾಮರ್’ ಹೇಗಿರುತ್ತಿತ್ತೋ ಯಾರಿಗೆ ಗೊತ್ತು?

ಸೂಜಿಮುಳ್ಳು:
ಮೇಡಂ, ಇದನ್ನು ಓದಿ ಎದ್ದು ಹೋಗಿ ‘ನೈಟ್ ಆಫ್ ದಿ ಕುಕರ್ಸ್’ ಹಾಕಿದೆ. 1965ರ ಏಪ್ರಿಲ್, ಬ್ರೂಕ್ಲಿನ್‌ನ ಒಂದು ಕ್ಲಬ್. ಫ್ರೆಡ್ಡಿ ಮತ್ತು ಲೀ ಮಾರ್ಗನ್ ಇಬ್ಬರೂ ಒಂದೇ ವೇದಿಕೆಯಲ್ಲಿ. ಒಂದೊಂದು ಹಾಡು ಎಲ್‌ಪಿಯ ಇಡೀ ಒಂದು ಬದಿ ಹಿಡಿಯುತ್ತದೆ. ಇಬ್ಬರೂ ಹರಟೆ ಹೊಡೆದ ಹಾಗೆ, ಜಗಳ ಆಡಿದ ಹಾಗೆ ನುಡಿಸಿದ್ದಾರೆ.

ಮೂರನೇ ಸಾಲು:
ಅಟ್ಟದವರೇ, ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಆದರೂ ‘ಲಿಕ್ವಿಡ್ ಲವ್’ ನನಗೆ ಇಷ್ಟವಾಗುವುದಿಲ್ಲ.

ಅಟ್ಟದ ಮೇಲಿನವಳು:
ನನಗೂ ಆಗುವುದಿಲ್ಲ! ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹೊಸ ಕಿವಿ:
ತುಟಿ ಹಾಳಾದ ಮೇಲೆ ಅವರು ಪೂರ್ತಿ ನಿಲ್ಲಿಸಿದರಾ?

ಹಿತ್ತಾಳೆ ಕೊಳವೆ:
ಇಲ್ಲ. ಆಗಾಗ ನುಡಿಸಿದರು. 2001ರಲ್ಲಿ ‘ನ್ಯೂ ಕಲರ್ಸ್’ ಬಂತು, ನ್ಯೂ ಜಾಝ್ ಕಂಪೋಸರ್ಸ್ ಆಕ್ಟೆಟ್ ಅನ್ನುವ ಕಿರಿಯರ ತಂಡದ ಜೊತೆ. ಆ ತಂಡದ ಡೇವಿಡ್ ವೈಸ್, ಅವರೂ ಟ್ರಂಪೆಟ್‌ನವರೇ, ಫ್ರೆಡ್ಡಿಯ ಹಳೆಯ ರಚನೆಗಳನ್ನು ಎಂಟು ಜನ ನುಡಿಸುವ ಹಾಗೆ ಬರೆದು ಕಟ್ಟಿದರು. ಭಾರ ಹಂಚಿಹೋಗುವ ಹಾಗೆ. ಫ್ರೆಡ್ಡಿ ಫ್ಲೂಗಲ್‌ಹಾರ್ನ್ ಹಿಡಿದರು. 2006ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಜಾಝ್ ಮಾಸ್ಟರ್ ಗೌರವ ಕೊಟ್ಟಿತು. 2008ರಲ್ಲಿ ‘ಆನ್ ದಿ ರಿಯಲ್ ಸೈಡ್’ ಬಂತು, ಅದೇ ವರ್ಷ ಡಿಸೆಂಬರ್ 29ಕ್ಕೆ ಹೋದರು. ಹೃದಯಾಘಾತ ಆಗಿ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರು. 70 ವರ್ಷ.

‘ನ್ಯೂ ಕಲರ್ಸ್’ ಕೇಳುವುದು ನನಗೆ ಕಷ್ಟ. ಸ್ವರ ಹಿಡಿಯಲು ಹೋಗಿ ಅರ್ಧಕ್ಕೆ ಬಿಡುವುದು ಕೇಳಿಸುತ್ತದೆ. ಯೋಚನೆ ಎಲ್ಲಿಗೆ ಹೋಗಬೇಕು ಅಂತಿತ್ತು ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ, ತುಟಿ ಹೋಗುವುದಿಲ್ಲ. ಆದರೂ ವರ್ಷಕ್ಕೆ ಒಂದೆರಡು ಸಲ ಕೇಳುತ್ತೇನೆ. ಮಾರನೇ ದಿನ ಬೆಳಿಗ್ಗೆ ವಾರ್ಮ್ ಅಪ್ ತಪ್ಪಿಸುವುದಿಲ್ಲ.

ನಡುರಾತ್ರಿ ಕೇಳುಗ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ವಿ.ಎಸ್.ಒ.ಪಿ. ಕೇಳಿದೆ. ತಾಳದವರೇ, ನೀವು ಹೇಳಿದ್ದು ಸರಿ, ಸರಕು ಮುಗಿದಿತ್ತಾ ಅಂತ ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ಇವತ್ತು 1978ರ ‘ಸೂಪರ್ ಬ್ಲೂ’ ಇಟ್ಟುಕೊಂಡಿದ್ದೇನೆ. ‘ನ್ಯೂ ಕಲರ್ಸ್’ ಸದ್ಯಕ್ಕೆ ಬೇಡ. ಇನ್ನೂ ಸ್ವಲ್ಪ ದಿನ ಹಳೇ ಫ್ರೆಡ್ಡಿ ಜೊತೆ ಇರುತ್ತೇನೆ.

ಹೊಸ ಕಿವಿ:
ನಾನು ಈಗ ‘ಸ್ಟೋಲನ್ ಮೊಮೆಂಟ್ಸ್’ ಹಾಕಿದ್ದೇನೆ, ಆಲಿವರ್ ನೆಲ್ಸನ್ ಆಲ್ಬಮ್ಮಿನದು. ಮೊದಲ ಸೋಲೋ ಅವರದ್ದೇ ಅಲ್ವಾ?

ಕಪ್ಪುಬಿಳುಪು ಮಣೆ:
ಅವರದ್ದೇ. ಎರಡನೆಯದು ಡಾಲ್ಫಿ, ಕೊಳಲಿನಲ್ಲಿ.